ಪಂಚಮಿಯ ಹಗ್ಗ

ನದಿ ಒಂದೇ, ರಾಜ್ಯವೂ ಒಂದೇ. ದಡ ಎರಡಾದದ್ದು ನದಿಯ ತಪ್ಪಲ್ಲ ನೋಡಿ.

ತೆಂಕಣ ದಡದಲ್ಲಿ ಬಟ್ಟೆಗೆ ಬಣ್ಣ ಕೊಡುವ ನೀಲಿ ಗಿಡ ಬೆಳೆಯುತ್ತಿದ್ದರು. ಬೆಳೆಯುತ್ತಿದ್ದವರು ಆಳುಗಳು. ಮಾರಿದರೆ ಹೋಗಬೇಕು, ಕೊಂಡರೆ ಬರಬೇಕು, ಹುಟ್ಟಿದ ಮಗುವೂ ಧಣಿಯದೇ. ಬಡಗಣ ದಡದಲ್ಲಿ ಮಗ್ಗಗಳಿದ್ದವು. ಅಲ್ಲಿ ಮನುಷ್ಯರನ್ನು ಕೊಳ್ಳುವುದು, ಮಾರುವುದು ನಿಂತು ಒಂದು ತಲೆಮಾರಾಗಿತ್ತು.

"ಪಾಪಿಗಳು" ಎಂದು ಬಡಗಣ ದಡ ಕೂಗಿತು. "ನಮ್ಮ ಅನ್ನಕ್ಕೆ ಮಣ್ಣು ಹಾಕುವವರು" ಎಂದು ತೆಂಕಣ ದಡ. ಮೊದಲು ಬೈಗುಳ ಹೊಳೆ ದಾಟಿತು, ಆಮೇಲೆ ಕಲ್ಲು. ಈಗ ಎರಡೂ ಕಡೆ ಕಮ್ಮಾರರು ನೇಗಿಲು ಬಿಟ್ಟು ಈಟಿ ಬಡಿಯುತ್ತಿದ್ದರು.

ನಡುವೆ ಒಂದು ನಡುಗಡ್ಡೆ. ಅಲ್ಲೊಂದು ಹುಣಸೆಮರ, ಒಂದು ಗುಡಿಸಲು, ಒಬ್ಬ ಗುರು. ಹೆಸರು ಮೌನಪ್ಪಯ್ಯ. ಹೆಸರು ಏನೇ ಇರಲಿ, ಮಾತಾಡುತ್ತಿದ್ದರು. ಉಪ್ಪು ಹಾಕಿದ ಹಾಗೆ, ಬೇಕಾದಷ್ಟೇ.

ಅವರಲ್ಲಿ ಒಂದು ಹರಿಗೋಲು ಇತ್ತು. ಬಿದಿರು ಹೆಣೆದು ತೊಗಲು ಬಿಗಿದದ್ದು, ದೊಡ್ಡ ಬುಟ್ಟಿಯಂತೆ ದುಂಡಗೆ. ಅದಕ್ಕೆ ಮೂತಿಯೂ ಇಲ್ಲ, ಬಾಲವೂ ಇಲ್ಲ. ಹುಟ್ಟು ಹಾಕುವುದನ್ನು ನಿಲ್ಲಿಸಿದರೆ ನಿಂತಲ್ಲೇ ಗಿರಗಿರ ತಿರುಗುತ್ತದೆ.

ನಡುಗಡ್ಡೆಗೆ ಒಂದೇ ನೇಮ. ಬಂದವರನ್ನು ನೀವು ಯಾರು, ಯಾರವರು ಎಂದು ಕೇಳುವಂತಿಲ್ಲ. ಅವರು ಬೆರಳು ತೋರಿದ ದಡಕ್ಕೆ ಹರಿಗೋಲು ಹೋಗಬೇಕು.

ಹುಟ್ಟು ಹಾಕುವವನು ಶಿಷ್ಯ ನಾಗದೇವ. ತೆಂಕಣ ದಡದ ದೊಡ್ಡ ನೀಲಿ ಧಣಿಗಳ ಮನೆಯ ಕಿರಿಯ ಮಗ. ಅಣ್ಣ ವೀರಮಲ್ಲ ಅಲ್ಲಿ ದಂಡು ಕಟ್ಟುತ್ತಿದ್ದ. ತಂಗಿ ದೇಮವ್ವನನ್ನು ಬಡಗಣ ದಡಕ್ಕೆ ಕೊಟ್ಟಿತ್ತು.

ನಾಗರಪಂಚಮಿ ಬಂತೆಂದರೆ ನಾಗದೇವ ಹೋಗಿ ತಂಗಿಯನ್ನು ಕರೆತರುತ್ತಿದ್ದ. ತವರಿಗೆ ಹೋಗುವ ದಾರಿಯಲ್ಲಿ ಅವಳು ಈ ಹುಣಸೆಮರದ ಜೋಕಾಲಿಯಲ್ಲಿ ಜೀಕಲೇಬೇಕು. "ಅಣ್ಣಾ, ಮೇಲೆ ಹೋದಾಗ ಎರಡೂ ದಡ ಕಾಣ್ತವೆ ಕಣೋ" ಎಂದು ಕೂಗುವಳು.

ಈಗ ಎರಡು ವರ್ಷದಿಂದ ಗಂಡನ ಮನೆಯವರು ಕಳಿಸಿರಲಿಲ್ಲ. "ಮನುಷ್ಯರನ್ನು ಕಟ್ಟಿಹಾಕುವ ಮನೆಗೆ ನಮ್ಮ ಸೊಸೆ ಕಾಲಿಡಬಾರದು" ಎಂದಿದ್ದರು.

ಆದರೂ ನಾಗದೇವ ಜೋಕಾಲಿಗೆ ಹಗ್ಗ ಹೊಸೆಯುತ್ತಿದ್ದ.

"ಯಾರಿಗೋ ಹಗ್ಗ?" ಗುರು ಕೇಳಿದರು.

"ದೇಮವ್ವನಿಗೆ. ಈ ಸಲ ಬರ್ತಾಳೆ."

"ಹೇಗೆ?"

ನಾಗದೇವನ ಮುಖ ಅರಳಿತು. ತಿಂಗಳಿಂದ ಎರಡು ದಡಗಳ ನಡುವೆ ಅವನು ಹುಟ್ಟು ಹಾಕಿದ್ದು ಅದಕ್ಕೇ.

"ಒಪ್ಪಂದ ಆಗ್ತದೆ ಗುರುಗಳೇ. ನಾಳೆ ಇಬ್ಬರೂ ಇಲ್ಲಿಗೇ ಬರ್ತಾರೆ. ತೆಂಕಣದವರು ರಾಜ್ಯ ಒಡೆದು ಬೇರೆ ಸಿಂಹಾಸನ ಕೇಳೋದಿಲ್ಲ. ಬಡಗಣದವರು ಓಡಿಬಂದ ಆಳುಗಳನ್ನ ಇಟ್ಟುಕೊಳ್ಳೋದಿಲ್ಲ, ವಾಪಸು ಕೊಡ್ತಾರೆ. ಅಷ್ಟೇ."

"ಅಷ್ಟೇನಾ?"

"ಇನ್ನೊಂದು ಇದೆ, ಚಿಕ್ಕದು. ಓಡಿಬರುವವರು ದಾಟೋದು ನಮ್ಮ ಹರಿಗೋಲಲ್ಲೇ ಅಲ್ಲವಾ? ಹತ್ತಿಸೋ ಮೊದಲು ನಾವು 'ಯಾರವರು ನೀವು' ಅಂತ ಕೇಳಬೇಕು. ಒಂದೇ ಒಂದು ಮಾತು ಗುರುಗಳೇ. ದೇಶ ಉಳೀತದೆ."

ಗುರು ಹಗ್ಗದ ತುದಿಯನ್ನು ಬೆರಳಲ್ಲಿ ತಿರುವಿ ನೋಡಿದರು.

"ಚೆನ್ನಾಗಿ ಹೊಸೆದಿದ್ದೀಯ" ಎಂದರು.

ಹಗ್ಗಕ್ಕೆ ಹೇಳಿದರೋ ಒಪ್ಪಂದಕ್ಕೆ ಹೇಳಿದರೋ ಗೊತ್ತಾಗಲಿಲ್ಲ.

ಮಾರನೆಯ ಬೆಳಿಗ್ಗೆ ತೆಂಕಣದಿಂದ ವೀರಮಲ್ಲ ಬಂದ, ಸೊಂಟದಲ್ಲಿ ಕತ್ತಿ. ಬಡಗಣದಿಂದ ಮಗ್ಗದವರ ಹಿರಿಯ ಪದ್ಮಣ್ಣ ಸೆಟ್ಟಿ ಬಂದ, ತಲೆಗೆ ನೀಲಿ ರುಮಾಲು. ಹುಣಸೆಮರದ ಕೆಳಗೆ ಆಚೆಗೊಬ್ಬ, ಈಚೆಗೊಬ್ಬ ಕೂತರು. ನಾಗದೇವ ಒಂದೇ ಗಡಿಗೆಯಿಂದ ಇಬ್ಬರಿಗೂ ಮಜ್ಜಿಗೆ ಬಗ್ಗಿಸಿದ.

"ಉಪ್ಪು ಕಡಿಮೆ" ಎಂದರು ಇಬ್ಬರೂ, ಒಟ್ಟಿಗೇ.

ಒಂದು ವಿಷಯದಲ್ಲಾದರೂ ದೇಶ ಒಂದಾಗಿತ್ತು ಅನ್ನಿ.

ಸೆಟ್ಟಿ ಗಂಟಲು ಸರಿಮಾಡಿಕೊಂಡ. "ಮನುಷ್ಯರನ್ನ ಮಾರೋದು ಅಂದ್ರೆ ನಮಗೆ ಹೇಸಿಗೆ ಸ್ವಾಮಿ. ಆದರೆ ಯುದ್ಧ ಅಂದ್ರೆ ಇನ್ನೂ ಹೇಸಿಗೆ."

"ರುಮಾಲು ಚೆನ್ನಾಗಿದೆ ಸೆಟ್ಟರೆ" ಎಂದರು ಗುರು. "ಈ ನೀಲಿ ಯಾವ ದಡದ್ದು?"

ಸೆಟ್ಟಿಯ ಕೈ ತಾನಾಗಿ ತಲೆಗೆ ಹೋಯಿತು. ಅವನು ಮತ್ತಷ್ಟು ಮಜ್ಜಿಗೆ ಕುಡಿದ. ವೀರಮಲ್ಲ ಹೊಟ್ಟೆ ಕುಲುಕಿಸಿ ನಕ್ಕ.

"ನೀನ್ಯಾಕೆ ನಗ್ತೀಯಪ್ಪ?" ಎಂದರು ಗುರು. "ನೀಲಿಯ ಧಣಿ ನೀನು. ನಿನ್ನ ಬೆರಳಿಗೆ ಒಂದು ಚೂರೂ ಬಣ್ಣ ಹತ್ತಿಲ್ಲವಲ್ಲ?"

ನಗು ನಿಂತಿತು. ಎಲ್ಲಿ ಮಾತು ಮುರಿಯುತ್ತದೋ ಎಂದು ನಾಗದೇವ ಗುರುವಿನ ಕಾಲಿಗೆ ಬಿದ್ದ.

"ಗುರುಗಳೇ, ದಮ್ಮಯ್ಯ. ಒಂದು ಸಲ ಹೂಂ ಅನ್ನಿ."

"ನಾನು ಹೂಂ ಅಂದರೆ ಬಂದವರನ್ನು ಕೇಳುವವರು ಯಾರು?"

"ಹುಟ್ಟು ಹಾಕುವವನು ನಾನು. ನಾನೇ ಕೇಳ್ತೇನೆ."

"ಹಾಗಾದರೆ ಇನ್ನು ಮೊದಲು ಬರುವವರನ್ನು ಕೇಳು. ಕೇಳಿದ ಮೇಲೆ ನಿನಗೆ ಸರಿ ಅನ್ನಿಸಿದರೆ ನನ್ನದೂ ಹೂಂ."

ಇಬ್ಬರು ಹಿರಿಯರೂ ಒಪ್ಪಿದರು. ವೀರಮಲ್ಲ ಮರದ ಬೊಡ್ಡೆಗೆ ಒರಗಿ ಕಾಲು ಚಾಚಿದ. ನಾಗದೇವ ಹೊಸೆದ ಹಗ್ಗವನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ನೀರಿನ ಅಂಚಿಗೆ ಹೋಗಿ ನಿಂತ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ತೆಂಕಣದ ಕವಲಲ್ಲಿ ಒಣಗಿದ ಸೋರೆಬುರುಡೆಗಳು ತೇಲುತ್ತ ಬಂದವು. ಬುರುಡೆಗಳ ನಡುವೆ ಒಂದು ತಲೆ. ಸೊಂಟಕ್ಕೆ ಬುರುಡೆ ಕಟ್ಟಿಕೊಂಡು ಒಬ್ಬ ಹೆಂಗಸು ಈಜಿ ಬರುತ್ತಿದ್ದಳು.

ಮರಳಿಗೆ ಕಾಲಿಟ್ಟಾಗ ಗುರುತು ಸಿಕ್ಕಿತು. ನರೆತ ಕೂದಲು, ಮೊಣಕೈವರೆಗೂ ನೀಲಿ. ಅವರ ಮನೆಯ ಆಳು ಚೆನ್ನವ್ವ. ನಾಗದೇವನ ತಾಯಿ ಹಾಸಿಗೆ ಹಿಡಿದಾಗ ಅವನಿಗೂ ದೇಮವ್ವನಿಗೂ ಹಾಲು ಕೊಟ್ಟವಳು. ಮಿಕ್ಕಿದ್ದು ಅವಳ ಸ್ವಂತ ಮಗಳು ಕೆಂಚಿಗೆ.

"ನೀನೇ ಇದ್ದೀಯಲ್ಲ ಮಗಾ! ಪುಣ್ಯ" ಎಂದಳು ಚೆನ್ನವ್ವ, ಏದುಸಿರು ಬಿಡುತ್ತ. ಬೆರಳನ್ನು ಬಡಗಣಕ್ಕೆ ತೋರಿದಳು.

ನಾಗದೇವ ಕೇಳಬೇಕಾಗಿತ್ತು. ಕೇಳಿದ.

"ಯಾರವರು ನೀವು?"

ಅವಳಿಗೆ ನಗು ಬಂತು. "ಈ ವಯಸ್ಸಿಗೇ ಕಣ್ಣಿಗೆ ಪೊರೆ ಬಂತಾ? ಅದೇನೋ ಬಹುವಚನ ಬೇರೆ!"

ನಾಗದೇವ ನಗಲಿಲ್ಲ. ಮರದ ಹಿಂದಿನಿಂದ ವೀರಮಲ್ಲ ಎದ್ದು ನಿಂತ.

ಅವಳ ಕೈ ಮೆಲ್ಲಗೆ ಕೆಳಗಿಳಿಯಿತು. ತಲೆ ಬಾಗಿತು.

"ನಿಮ್ಮವಳು ಧಣಿ" ಎಂದಳು ನಾಗದೇವನಿಗೆ.

"ಆಯಿತಲ್ಲ" ಎಂದ ವೀರಮಲ್ಲ. "ಕೇಳಿದ್ದೂ ಆಯಿತು, ಉತ್ತರ ಬಂದದ್ದೂ ಆಯಿತು. ಆ ಹಗ್ಗ ಕೊಡೋ ನಾಗಾ, ಕಟ್ಟಿ ಕರ್ಕೊಂಡು ಹೋಗ್ತೇನೆ."

ಹಗ್ಗ ನಾಗದೇವನ ಹೆಗಲ ಮೇಲಿತ್ತು.

ಚೆನ್ನವ್ವನ ಸೊಂಟದಲ್ಲಿ ಒಂದು ಗಂಟು. ಅದರಿಂದ ಬಿಳಿಯ ನೀರು ತೊಟ್ಟಿಕ್ಕುತ್ತಿತ್ತು. ಏನಾದರೂ ಕೇಳಬೇಕಲ್ಲ ಎಂದು ಸೆಟ್ಟಿ ಕೇಳಿದ, "ಅದೇನಮ್ಮ?"

"ತಂಬಿಟ್ಟು ಸ್ವಾಮಿ. ನೀರು ಕುಡಿದುಬಿಟ್ಟಿದೆ. ನಾಳೆ ಪಂಚಮಿ ಅಲ್ಲವಾ? ನನ್ನ ಕೆಂಚಿ ಓಡಿಹೋಗಿ ಆ ದಡ ಸೇರಿದಾಳೆ. ಕರೆಯೋಕೆ ಹೋಗೋದಕ್ಕೆ ಅಣ್ಣ ಇಲ್ಲ, ತಮ್ಮ ಇಲ್ಲ. ಕರೆದರೂ ಬರೋದಕ್ಕೆ ತವರು ಇಲ್ಲ. ಅದಕ್ಕೆ ನಾನೇ ಹೊರಟೆ."

"ಹಬ್ಬ ಮುಗಿಸಿ ವಾಪಸು ಬರ್ತಿದ್ದೆ ಅನ್ನು" ಎಂದ ವೀರಮಲ್ಲ.

"ಇಲ್ಲ ಧಣಿ" ಎಂದಳು.

ಗುರು ಎದ್ದು ಅವಳಿಗೆ ಮಜ್ಜಿಗೆ ಕೊಟ್ಟರು. ಅವಳು ಒಂದೇ ಉಸಿರಿಗೆ ಕುಡಿದು ತುಟಿ ಒರೆಸಿಕೊಂಡಳು.

"ಉಪ್ಪು ಸಾಲದು ಅಯ್ಯಾ."



ಸೆಟ್ಟಿ ನಾಗದೇವನ ಕಿವಿಯ ಹತ್ತಿರ ಬಗ್ಗಿದ. "ಕೊಟ್ಟುಬಿಡಪ್ಪ. ಒಬ್ಬಳು ಮುದುಕಿ ಈ ಕಡೆ, ಸಾವಿರಾರು ಮನೆ ಆ ಕಡೆ. ದೇಮವ್ವನ ಮಾವ ನನ್ನ ಮಾತು ಮೀರೋಲ್ಲ. ನಾಳೆ ಬೆಳಗಾಗೋದರೊಳಗೆ ನಿನ್ನ ತಂಗಿ ಇಲ್ಲಿರ್ತಾಳೆ."

ನಾಗದೇವ ಗುರುವಿನ ಕಡೆ ನೋಡಿದ. ಗುರು ಗಡಿಗೆಯೊಳಗೆ ಉಪ್ಪು ಹಾಕಿ ಕದಡುತ್ತಿದ್ದರು.

ಅವನು ಹೆಗಲಿನಿಂದ ಹಗ್ಗ ಇಳಿಸಿದ. ವೀರಮಲ್ಲ ಕೈ ಚಾಚಿದ. ಚಾಚಿದ ಕೈಯನ್ನು ದಾಟಿಕೊಂಡು ನಾಗದೇವ ಹೋಗಿ ಹಗ್ಗವನ್ನು ಹರಿಗೋಲಿಗೆ ಎಸೆದ. ಚೆನ್ನವ್ವನ ಕೈಹಿಡಿದು ಹತ್ತಿಸಿದ.

"ನಾಗಾ!" ವೀರಮಲ್ಲನ ದನಿ ಒಡೆಯಿತು. "ಹುಟ್ಟು ಮುಟ್ಟಿದೆಯೋ, ನಾಳೆ ಯುದ್ಧ. ನಾನೇ ಮುಂದೆ ನಿಲ್ಲಬೇಕಾಗ್ತದೆ ಕಣೋ."

"ಗೊತ್ತು ಅಣ್ಣಾ."

ಹೊಳೆಯ ನಡುವೆ ಹೋದ ಮೇಲೆ ನಾಗದೇವನ ಕೈ ನಿಂತಿತು.

ಹರಿಗೋಲು ತಿರುಗತೊಡಗಿತು. ತೆಂಕಣ ದಡ ಬಂತು: ಅವನು ಹುಟ್ಟಿದ ಮನೆಯ ಹೆಂಚು, ಅಣ್ಣನ ಜೊತೆ ಮೀನು ಹಿಡಿದ ಬಂಡೆ. ಅದು ಸರಿಯಿತು. ಬಡಗಣ ದಡ ಬಂತು: ತಂಗಿಯ ಊರಿನ ಆಲದಮರ. ಅದೂ ಸರಿಯಿತು. ಮತ್ತೆ ಹೆಂಚು. ಮತ್ತೆ ಆಲದಮರ. ಅವನಿಗೆ ಎರಡೂ ಬೇಕಾಗಿತ್ತು. ಹುಟ್ಟಿನಿಂದ ಅವನಿಗೆ ಎರಡೂ ಬೇಕಾಗಿತ್ತು.

"ತಲೆ ತಿರುಗ್ತದೆ ನಾಗಪ್ಪ" ಎಂದಳು ಚೆನ್ನವ್ವ. "ಒಂದು ಕಡೆ ನೋಡಿಕೊಂಡು ಹುಟ್ಟು ಹಾಕು."

"ಬೆರಳು ತೋರಿಸವ್ವ. ಇನ್ನೊಂದು ಸಲ ತೋರಿಸು."

ಅವಳು ನೀಲಿಯ ಕೈ ಎತ್ತಿದಳು. ಅವನು ಆ ಬೆರಳನ್ನೇ ನೋಡುತ್ತ ಹುಟ್ಟು ಹಾಕಿದ.

ಬಡಗಣ ದಡದಲ್ಲಿ ಇಳಿದ ಮೇಲೆ ಅವಳು ಗಂಟು ಬಿಚ್ಚಿ ಒಂದು ಹಿಡಿ ಒದ್ದೆ ತಂಬಿಟ್ಟು ಅವನ ಅಂಗೈಗೆ ಒತ್ತಿದಳು. "ಕೆಂಚಿಗೆ ಇಷ್ಟು ಸಾಕು. ನೀನೂ ತಿನ್ನು ಮಗಾ."

ಹಿಂದಿರುಗಿದಾಗ ಹುಣಸೆಮರದ ಕೆಳಗೆ ಗುರು ಒಬ್ಬರೇ ಇದ್ದರು. ತೆಂಕಣದಲ್ಲಿ ನಗಾರಿ ಶುರುವಾಗಿತ್ತು. ಸ್ವಲ್ಪ ಹೊತ್ತಿಗೆ ಬಡಗಣದಿಂದ ಕೊಂಬಿನ ದನಿ.

"ದೇಶ ಒಡೆದುಬಿಟ್ಟೆ ಗುರುಗಳೇ" ಎಂದ ನಾಗದೇವ.

"ನೀನು ಅವಳನ್ನು ಕೇಳಿದಾಗಲೂ ಏನೋ ಒಡೆಯಿತು. ಅದಕ್ಕೆ ನಗಾರಿ ಬಾರಿಸಲಿಲ್ಲ, ಅಷ್ಟೇ."

ಅವನು ಮರಳ ಮೇಲೆ ಕುಸಿದ. "ದೇಮವ್ವ ಇನ್ನು ಬರೋದಿಲ್ಲ."

"ಹೂಂ" ಎಂದರು ಗುರು.

ಬೆಳಗಿನಿಂದ ಬೇಡಿದ ಹೂಂ ಅವನಿಗೆ ಈಗ ಸಿಕ್ಕಿತು.

ಅಂಗೈಯಲ್ಲಿದ್ದ ತಂಬಿಟ್ಟನ್ನು ನಾಗದೇವ ತಿಂದ. ಸಿಹಿಯೆಲ್ಲ ಹೊಳೆಗೆ ಹೋಗಿತ್ತು.

"ಹಗ್ಗ ಎಲ್ಲಿ?" ಗುರು ಕೇಳಿದರು.

"ಹರಿಗೋಲಲ್ಲಿದೆ. ಇನ್ನು ಯಾಕೆ ಅದು?"

"ನಾಳೆ ಪಂಚಮಿಯಲ್ಲವೇ? ಕೊಂಬೆಗೆ ಕಟ್ಟು."

"ಯಾರಿಗೆ ಗುರುಗಳೇ?"

ತೆಂಕಣದ ಕವಲಲ್ಲಿ ಮತ್ತೆ ಸೋರೆಬುರುಡೆಗಳು ಕಂಡವು. ಈ ಸಲ ತಲೆಗಳು ಹಲವು. ಗುರು ಮಜ್ಜಿಗೆಯ ಗಡಿಗೆ ಎತ್ತಿಕೊಂಡು ನೀರಿನ ಕಡೆ ನಡೆದರು.

"ನಮ್ಮ ನೇಮದಲ್ಲಿ ಆ ಪ್ರಶ್ನೆ ಇಲ್ಲ. ಗಂಟು ಭದ್ರವಾಗಿರಲಿ."