ಸುವಾರ್ತಮ್ಮ ಜರುಗಿಸಿದ ಸಭೆ

ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ. ವರ್ಷ ಹೇಳಿದರೆ ನೀವು ಬೆರಳು ಮಡಚಿ ಲೆಕ್ಕ ಹಾಕಿ ನನ್ನನ್ನು ಹಿಡಿದುಬಿಡುತ್ತೀರಿ. ಬಹಳ ಹಿಂದೆ ಅಂತಿಟ್ಟುಕೊಳ್ಳಿ. ಕೋಡಿಬಂಡೆ ಅಂತ ಒಂದು ಊರು. ಊರಿನ ತುಂಬ ಕಲ್ಲು ಒಡೆಯುವವರು. ಆ ಊರಲ್ಲಿ ಸುವಾರ್ತಮ್ಮ ಅಂತ ಒಬ್ಬಳು ಹೆಂಗಸು ಇದ್ದಳಂತೆ. ಆಕೆಯ ಕೈಯಲ್ಲಿ ಸಿಕ್ಕು ಊರಿಗೆ ಊರೇ ಸಾಕಾಗಿ ಹೋಗಿತ್ತಂತೆ.

ಆ ಊರಲ್ಲಿ ಇದ್ದದ್ದು ಬ್ಯಾಪ್ಟಿಸ್ಟರ ಸಭೆ. ಇವರು ಕೂಸಿನ ತಲೆಗೆ ನಾಲ್ಕು ಹನಿ ಚಿಮುಕಿಸಿ ಮುಗಿಸುವವರಲ್ಲ. ಬುದ್ಧಿ ಬಲಿತವರು ತಾವಾಗಿ ಬಂದು, ಕೆರೆಯಲ್ಲಿ ತಲೆಯವರೆಗೂ ಮುಳುಗಿ ಎದ್ದರೇನೇ ದೀಕ್ಷಾಸ್ನಾನ. ಇವರ ಮೇಲೆ ಬಿಷಪ್ಪರು ಗಿಷಪ್ಪರು ಅಂತ ಯಾರೂ ಇಲ್ಲ. ಗೋಡೆಗೆ ಸುಣ್ಣ ಬಳಿಯೋದರಿಂದ ಹಿಡಿದು ಪಾಸ್ಟರು ಇರಬೇಕೋ ಹೋಗಬೇಕೋ ಅನ್ನೋವರೆಗೆ ಎಲ್ಲವನ್ನೂ ಸದಸ್ಯರೇ ಮತ ಹಾಕಿ ತೀರ್ಮಾನಿಸಬೇಕು. ಮತ ಅಂದರೆ ಚೀಟಿಯಲ್ಲ. ಬೇಕು ಅನ್ನುವವರು ಎದ್ದು ನಿಲ್ಲಬೇಕು, ಎಣಿಸಬೇಕು, ಅವರು ಕೂರಬೇಕು. ಆಮೇಲೆ ಬೇಡ ಅನ್ನುವವರು ಎದ್ದು ನಿಲ್ಲಬೇಕು. ಒಂದು ಸಲ ಗಂಟೆಯ ಹಗ್ಗ ಬದಲಾಯಿಸೋದಕ್ಕೆ ಹೀಗೆ ಎದ್ದು ಕೂತು, ಎದ್ದು ಕೂತು ಮಧ್ಯಾಹ್ನ ಮಾಡಿದ್ದರಂತೆ.

ಆ ದೇವಾಲಯದಲ್ಲಿ ಕುರ್ಚಿ ಇರಲಿಲ್ಲ, ಮರದ ಬೆಂಚೂ ಇರಲಿಲ್ಲ. ಕಲ್ಲು ಒಡೆಯುವವರು ಮರಕ್ಕೆ ಯಾಕೆ ಹೋಗುತ್ತಾರೆ? ಎರಡಾಳು ಉದ್ದದ ಚಪ್ಪಡಿ ಎಳೆದು ತಂದು ಹನ್ನೆರಡು ಕಲ್ಲುಬೆಂಚು ಕೂರಿಸಿದ್ದರು. ಬೇಸಿಗೆಯಲ್ಲಿ ಹಾಯಾಗಿರುತ್ತಿತ್ತು. ಆದರೆ ಮಾಗಿಯ ಚಳಿಯಲ್ಲಿ, ಬೆಳಿಗ್ಗೆ ಎಂಟು ಗಂಟೆಗೆ ಆ ಕಲ್ಲಿನ ಮೇಲೆ ಕೂರೋದು ಅಂದರೆ! ಮೊದಲನೇ ಕೀರ್ತನೆಯಲ್ಲಿ ಹಲ್ಲು ಕಟಕಟ, ಎರಡನೆಯದರಲ್ಲಿ ಸ್ವಲ್ಪ ತಡೆಯಬಹುದು, ಪ್ರಾರ್ಥನೆ ಮುಗಿಯುವ ಹೊತ್ತಿಗೆ ಮೈಯ ಶಾಖಕ್ಕೆ ಕಲ್ಲು ಬೆಚ್ಚಗಾಗಿ, ಆಹಾ ಅಂತ ಮನುಷ್ಯ ದೇವರ ಕಡೆ ತಿರುಗುತ್ತಿದ್ದ.

ಸರಿಯಾಗಿ ಆಗಲೇ ಬರುತ್ತಿದ್ದಳು ಸುವಾರ್ತಮ್ಮ.

ಬಾಗಿಲು ಆಕೆಯದು. ಬಂದವರನ್ನು ಒಳಗೆ ಕರೆದು ಕೂರಿಸುವ ಕೆಲಸ. ಸಭೆಯಲ್ಲಿ ಎಲ್ಲರಿಗೂ ಒಂದೊಂದು ಸೇವೆ ಇತ್ತು. ಆಕೆಗೆ ಓದು ಬರದು, ಹಾಡಿದರೆ ಹಾಡುವವರೆಲ್ಲ ಶ್ರುತಿ ತಪ್ಪುತ್ತಿದ್ದರು, ಅಡುಗೆಗೆ ಬಿಟ್ಟರೆ ಉಪ್ಪು ಎರಡು ಸಲ. ಹಾಗಾಗಿ ಬಾಗಿಲು ಕೊಟ್ಟರು. ಕೊಟ್ಟವರು ಆಮೇಲೆ ತಮ್ಮನ್ನು ತಾವೇ ಬೈದುಕೊಂಡರಂತೆ.

ಹೊಸಬರು ಬಂದರೆ ಬೇರೆ ಕಡೆ ಹಿಂದೆ ಎಲ್ಲೋ ಕೂರಿಸುತ್ತಾರೆ, ಅಲ್ಲವೇ? ಈಕೆ ಹಾಗಲ್ಲ. ಹೊಸಬರ ತೋಳು ಹಿಡಿದು ಸಭೆಯ ಮಧ್ಯಕ್ಕೆ ತರುತ್ತಿದ್ದಳು. ಯಾವ ಬೆಂಚಿನಲ್ಲಿ ಯಾರು ಚೆನ್ನಾಗಿ ಕಾಯಿಸಿಕೊಂಡು ಕೂತಿದ್ದಾರೋ ಅವರ ಎದುರು ನಿಲ್ಲುತ್ತಿದ್ದಳು. "ಸ್ವಲ್ಪ ಜರುಗಿ" ಅನ್ನುತ್ತಿದ್ದಳು. ಅವರು ಜರುಗುತ್ತಿದ್ದರು, ಅವರ ಪಕ್ಕದವರು ಜರುಗುತ್ತಿದ್ದರು, ಬೆಂಚಿಗೆ ಬೆಂಚೇ ತಣ್ಣನೆ ಕಲ್ಲಿಗೆ ಜರುಗುತ್ತಿತ್ತು, ಬೆಚ್ಚನೆ ಜಾಗಕ್ಕೆ ಹೊಸಬರು. ಇನ್ನೇನು ಹೊಸ ಜಾಗ ಕಾಯಿತು ಅನ್ನುವಾಗ ಇನ್ನೊಬ್ಬರು. "ಸ್ವಲ್ಪ ಜರುಗಿ."

ಇದು ಪಾಸ್ಟರು ಮಾತಾಡುವಾಗಲೂ ನಡೆಯುತ್ತಿತ್ತು. ಸೀಲಾಸ್ ಪಾಸ್ಟರು ಸಾಧು ಮನುಷ್ಯರು. ಪ್ರತಿ ಉಪದೇಶದಲ್ಲೂ ಮೂರು ಭಾಗ ಮಾಡಿಕೊಂಡು ಬರುತ್ತಿದ್ದರು. ಸುವಾರ್ತಮ್ಮ ಬಾಗಿಲಲ್ಲಿದ್ದ ಇಪ್ಪತ್ತೆರಡು ವರ್ಷದಲ್ಲಿ ಮೂರನೇ ಭಾಗವನ್ನು ಯಾರೂ ಕೇಳಲಿಲ್ಲವಂತೆ. ಕಾಲು ನೆಲಕ್ಕೆ ಉಜ್ಜುವ ಸದ್ದು, ಸೀರೆಯ ಸದ್ದು, ಮುದುಕರ ಕೆಮ್ಮು, ಎಲ್ಲ ಮುಗಿಯುವಷ್ಟರಲ್ಲಿ ಪಾಸ್ಟರಿಗೇ ಮರೆತುಹೋಗುತ್ತಿತ್ತು.

ಆಕೆ ಕರೆತರುತ್ತಿದ್ದವರಾದರೂ ಎಂಥವರು! ದೇವಾಲಯ ರಸ್ತೆ ಪಕ್ಕ. ಯಾರಾದರೂ ನೀರು ಕೇಳಿ ಗೇಟಿನ ಹತ್ತಿರ ಬಂದರೆ ಸಾಕು. ನೀರು ಕುಡೀರಿ ಅನ್ನುತ್ತಿದ್ದಳು. ಕೂತು ಕುಡೀರಿ ಅನ್ನುತ್ತಿದ್ದಳು. ಒಳಗೆ ಕೂತು ಕುಡೀರಿ ಅನ್ನುತ್ತಿದ್ದಳು. ಬಳೆಗಾರ್ತಿಯನ್ನು ಬುಟ್ಟಿ ಸಮೇತ ಕೂರಿಸಿದಳು. ಪಾತ್ರೆಗೆ ಕಲಾಯಿ ಹಾಕುವ ಸಾಬರೊಬ್ಬರನ್ನು ಕೂರಿಸಿದಳು. ಅವರು ಎರಡು ಕೀರ್ತನೆ ಕೇಳಿ, ನಮಾಜಿನ ಹೊತ್ತಿಗೆ ತಮ್ಮೂರು ಸೇರಬೇಕು ಅಂತ ಹೇಳಿ ವಂದಿಸಿ ಹೋದರು. ಯಾರನ್ನೋ ಹಿಡಿಯಲು ಬಂದ ಪೊಲೀಸಿನವನನ್ನೂ ಕೂರಿಸಿದಳು, ಹಿಡಿಯಬೇಕಾದವನ ಪಕ್ಕದಲ್ಲೇ. ಇಬ್ಬರೂ ಒಂದೇ ಕೀರ್ತನೆ ಪುಸ್ತಕ ಹಿಡಿದು ಹಾಡಿದರು. ಆಮೇಲೆ ಏನಾಯಿತು ಅನ್ನೋದನ್ನು ಕೆಲವರು ಒಂದು ಥರ ಹೇಳುತ್ತಾರೆ, ನಾನು ಇನ್ನೊಂದು ಥರ. ನನ್ನದೇ ಚೆನ್ನಾಗಿದೆ, ಆದರೆ ಅದು ಉದ್ದ.

ಯಾರ ಜಾತಿ ಕೇಳಲಿಲ್ಲ, ಯಾವ ಊರು ಕೇಳಲಿಲ್ಲ, ನಮ್ಮ ಸಭೆಗೆ ಸೇರುತ್ತೀರಾ ಅಂತಲೂ ಕೇಳಲಿಲ್ಲ. ಅದು ಪಾಸ್ಟರ ಕೆಲಸ ಅನ್ನುತ್ತಿದ್ದಳಂತೆ, ತನ್ನದು ಕೂರಿಸೋ ಕೆಲಸ.

ಎಲ್ಲರಿಗಿಂತ ಹೆಚ್ಚು ರೋಸಿಹೋದವನು ಎಲೀಸಪ್ಪ ಮೇಸ್ತ್ರಿ. ಸಭೆಯ ಹಿರಿಯ. ಆ ಹನ್ನೆರಡು ಬೆಂಚನ್ನೂ ಕಡಿದು ನಯ ಮಾಡಿದ್ದು ಅವನ ಕೈ. ಮೂರನೇ ಬೆಂಚಿನಲ್ಲಿ, ನಡುದಾರಿಯ ಅಂಚಿಗೆ, ತನ್ನ ಮೈಗೆ ಸರಿಯಾಗಿ ಒಂದಿಷ್ಟು ತಗ್ಗು ತೆಗೆದಿದ್ದ. ಅಲ್ಲಿ ಕೂತರೆ ಸೊಂಟದ ನೋವು ಗೊತ್ತಾಗುತ್ತಿರಲಿಲ್ಲ. ಆ ಜಾಗವನ್ನು ಅವನು ಕಾಯಿಸುವುದು, ಸುವಾರ್ತಮ್ಮ ಅದನ್ನು ಇನ್ನೊಬ್ಬರಿಗೆ ಕೊಡುವುದು, ಹೀಗೇ ನಡೆಯಿತು. ಒಂದು ಭಾನುವಾರ ಆರು ಜನ ಹೊಸಬರು ಬಂದು, ಎಲೀಸಪ್ಪ ಜರುಗಿ ಜರುಗಿ ಗೋಡೆಗೆ ತಗುಲಿ, ಏಳನೆಯವರು ಬಂದಾಗ ಕಿಟಕಿಯಿಂದ ಆಚೆ ಇಳಿದನಂತೆ. ಇದು ಸುಳ್ಳು ಅಂತ ಅವನ ಮೊಮ್ಮಕ್ಕಳು ಹೇಳುತ್ತಾರೆ. ಕಿಟಕಿ ಮಾತ್ರ ಅಲ್ಲೇ ಇದೆ.

ಕೊನೆಗೆ ಒಂದು ಮಾಗಿಯಲ್ಲಿ ಅವನು ತೀರ್ಮಾನ ಮಾಡಿದ. ವರ್ಷದ ಸಭೆಯಲ್ಲಿ ಸುವಾರ್ತಮ್ಮನನ್ನು ಬಾಗಿಲಿನಿಂದ ತೆಗೆಯಬೇಕು. ಮನೆ ಮನೆಗೆ ಹೋಗಿ ಹೇಳಿದ. ಒಪ್ಪದವರು ಕಡಿಮೆ. ಎಲ್ಲರ ಸೊಂಟವೂ ತಣ್ಣಗಾಗಿತ್ತು.

ಆ ಭಾನುವಾರ ಆರಾಧನೆ ಮುಗಿಯಿತು, ಯಾರೂ ಮನೆಗೆ ಹೋಗಲಿಲ್ಲ. ಎಪ್ಪತ್ತು ಜನ ಸದಸ್ಯರು ಕೂತೇ ಇದ್ದರು. ಎಲೀಸಪ್ಪ ಎದ್ದು ಮಾತಾಡಿದ. ಆಕೆಯ ಸೇವೆಗೆ ಸ್ತೋತ್ರ ಅಂದ. ಆಕೆಗೆ ವಯಸ್ಸಾಯಿತು ಅಂದ. ಗೌರವದಿಂದ ವಿಶ್ರಾಂತಿ ಕೊಡೋಣ ಅಂದ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು, ಆದರೆ ಸಿಟ್ಟು ಒಳಗೇ ಇತ್ತು. "ನಾವು ಕಲ್ಲು ಕಡಿದು, ನಾವು ಹೊತ್ತು, ನಾವು ಕಟ್ಟಿದ್ದು. ನಮ್ಮ ಸಭೇಲಿ ನಮಗೇ ಕೂರೋಕೆ ಜಾಗ ಇಲ್ಲವಲ್ಲ ಪಾಸ್ಟರೇ!" ಅಂದುಬಿಟ್ಟ.

ಹೌದು ಹೌದು ಅಂತ ಹೆಂಗಸರ ಕಡೆಯಿಂದಲೂ ಸದ್ದು ಬಂತು.

ಪಾಸ್ಟರು ಬಾಗಿಲ ಕಡೆ ನೋಡಿದರು. ಸುವಾರ್ತಮ್ಮ ಅಲ್ಲೇ ನಿಂತಿದ್ದಳು, ಎಂದಿನ ಹಾಗೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ನಿಮ್ಮದೇನಾದರೂ ಮಾತಿದೆಯೇನಮ್ಮಾ ಅಂತ ಕೇಳಿದರು.

"ನಂಗೆ ಬೇರೆ ಕೆಲಸ ಬರೋದಿಲ್ಲ ಅಯ್ಯನವರೇ," ಅಂದಳು. "ಬಾಗಿಲು ತಗೊಂಡರೆ ನಾನು ಎಲ್ಲಿ ನಿಲ್ಲಲಿ?"

ಅಷ್ಟೇ. ಅತ್ತಳು ಅಂತ ಕೆಲವರು ಹೇಳುತ್ತಾರೆ, ಅದು ಸುಳ್ಳು. ಸಭೆಯಲ್ಲಿ ಕೆಲವರು ತಲೆ ತಗ್ಗಿಸಿದರು. ಆದರೆ ಮನೆ ಮನೆಯಲ್ಲಿ ಮಾತು ಕೊಟ್ಟಾಗಿತ್ತು. ಆಕೆಯನ್ನು ತೆಗೆಯಬೇಕು ಅನ್ನುವವರು ಎದ್ದು ನಿಲ್ಲಿ ಅಂತ ಪಾಸ್ಟರು ಕರೆದರು. ನಲವತ್ತಮೂರು ಜನ ಎದ್ದರು. ಮೊದಲು ಎದ್ದವನು ಎಲೀಸಪ್ಪ.

ಆಗಲೇ ರಸ್ತೆಯಲ್ಲಿ ಜನ ಬಂದಿದ್ದು.

ಇಟ್ಟಿಗೆ ಗೂಡಿನ ಕೆಲಸದವರು. ಒಂದು ಗೂಡಿನ ಕೆಲಸ ಮುಗಿಸಿ, ಹತ್ತು ಹರದಾರಿ ಆಚೆಯ ಇನ್ನೊಂದಕ್ಕೆ ನಡೆದು ಹೊರಟವರು. ಗಂಡಸರು, ಹೆಂಗಸರು, ಕಂಕುಳ ಕೂಸುಗಳು, ಗಂಟು, ಮಡಕೆ, ಬುಟ್ಟಿಯಲ್ಲಿ ಕೋಳಿ. ನಲವತ್ತು ಜನ ಅಂತ ಹೇಳುತ್ತಾರೆ. ನಾನು ಕೋಳಿಯನ್ನೂ ಸೇರಿಸಿ ಅರವತ್ತು ಅನ್ನುತ್ತೇನೆ. ರಾತ್ರಿಯೆಲ್ಲ ಬಯಲಿನಲ್ಲಿ ಮಲಗಿ ಮೈ ಸೆಟೆದಿತ್ತು. ಗೇಟಿನ ಹತ್ತಿರ ನಿಂತು, ಅಮ್ಮಾ ನೀರು ಅಂದರು.

ಸುವಾರ್ತಮ್ಮ ಹೊರಗೆ ನೋಡಿದಳು. ಒಳಗೆ ನೋಡಿದಳು. ಒಳಗೆ ನಲವತ್ತಮೂರು ಜಾಗ ಖಾಲಿ. ಎಲ್ಲ ಬೆಚ್ಚಗೆ.

ಆಕೆಗೆ ಎದ್ದು ನಿಂತವರು ಕಾಣಿಸಲೇ ಇಲ್ಲವಂತೆ, ಜಾಗ ಮಾತ್ರ ಕಾಣಿಸಿತಂತೆ. ಇಲ್ಲ, ಎಲ್ಲ ಕಂಡೇ ಮಾಡಿದಳು ಅನ್ನುವವರೂ ಇದ್ದಾರೆ. "ಬನ್ನಿ ಬನ್ನಿ, ಜಾಗ ಆಗಿದೆ," ಅಂತ ಕರೆದಳು. ಪಾಸ್ಟರು ಇನ್ನೂ ಹದಿನೆಂಟು ಹತ್ತೊಂಬತ್ತು ಅಂತ ಎಣಿಸುತ್ತಿದ್ದರು. ಅಷ್ಟರಲ್ಲಿ ಗಂಡಸರ ಕಡೆ, ಹೆಂಗಸರ ಕಡೆ ಅಂತಲೂ ನೋಡದೆ, ಒಬ್ಬೊಬ್ಬರನ್ನೇ ತೋಳು ಹಿಡಿದು ತಂದು ಕೂರಿಸಿಬಿಟ್ಟಳು. ಗಂಟು ಮಡಿಲಲ್ಲಿ, ಕೋಳಿ ಬೆಂಚಿನ ಕೆಳಗೆ. ಕೂರಿಸಿ ಆದಮೇಲೆ ನಿಂತವರ ಕಡೆ ತಿರುಗಿ, ಕೈ ಮುಗಿದು, "ದೇವರು ನಿಮಗೆ ಒಳ್ಳೇದು ಮಾಡಲಿ. ಇವತ್ತು ನಾನು ಕೇಳೋಕೆ ಮುಂಚೆ ಎದ್ದಿರಿ," ಅಂದಳು.

ಏನು ಹೇಳಬೇಕು ಇಂಥ ಹೆಂಗಸಿಗೆ?

ಪಾಸ್ಟರು ನಲವತ್ತಮೂರು ಅಂತ ಬರೆದುಕೊಂಡರು. ಕೂತುಕೊಳ್ಳಿ ಅಂದರು. ಎಲ್ಲಿ ಕೂರುವುದು? ಒಬ್ಬರ ಮುಖ ಒಬ್ಬರು ನೋಡಿದರು. ನೆಲದ ಮೇಲಾದರೂ ಕೂರಿ ಅಂದರು ಪಾಸ್ಟರು. ಕಲ್ಲು ಒಡೆಯುವವರ ಮಂಡಿ ನೆಲಕ್ಕೆ ಬಗ್ಗಿದರೆ ಮತ್ತೆ ಏಳೋದಕ್ಕೆ ಇಬ್ಬರು ಬೇಕು. ಅದೂ ಆ ಚಳಿಯಲ್ಲಿ, ಆ ನೆಲಕ್ಕೆ. ಯಾರೂ ಕದಲಲಿಲ್ಲ.

ಪಾಸ್ಟರಿಗೆ ಹೊತ್ತಾಗುತ್ತಿತ್ತು. ಸರಿ, ಸುವಾರ್ತಮ್ಮ ಬಾಗಿಲಲ್ಲೇ ಇರಲಿ ಅನ್ನುವವರು ಈಗ ಎದ್ದು ನಿಲ್ಲಿ ಅಂದರು. ಉಳಿದ ಇಪ್ಪತ್ತೇಳು ಜನ ಎದ್ದರು. ಅವರು ಎದ್ದದ್ದೇ ತಡ, ಆ ಜಾಗಕ್ಕೂ ಕೂಸು, ಗಂಟು, ಮಡಕೆ ಜರುಗಿದವು. ನಲವತ್ತಮೂರು ಜನ ನಿಂತೇ ಇದ್ದರು. ಈಗ ಇಡೀ ಸಭೆ ನಿಂತಿದೆ, ಬಂದವರೆಲ್ಲ ಕೂತಿದ್ದಾರೆ. ನಮ್ಮ ನಿಯಮ ನಿಮಗೇ ಗೊತ್ತು ಅಂದರು ಪಾಸ್ಟರು. ಎಣಿಸುವಾಗ ಯಾರು ನಿಂತಿರುತ್ತಾರೋ ಅವರ ಮತ ಅದಕ್ಕೇ. ಆಕೆ ಬೇಡ ಅನ್ನುವವರು ಈಗಲೂ ಕೂರಬಹುದು. ನಿಮ್ಮ ಜಾಗ ನೀವು ಕೇಳಿ ತೆಗೆದುಕೊಳ್ಳಿ ಅಂದರು.

ಎಲ್ಲರೂ ಎಲೀಸಪ್ಪನನ್ನೇ ನೋಡಿದರು. ಅವನು ಕೂತರೆ ತಾವೂ ಕೂರೋಣ ಅಂತ.

ಎಲೀಸಪ್ಪ ತನ್ನ ಜಾಗ ನೋಡಿದ. ಅವನು ತಗ್ಗು ತೆಗೆದಿದ್ದ ಕಡೆ ಒಬ್ಬಳು ಮುದುಕಿ ಕೂತಿದ್ದಳು. ಹಿಮ್ಮಡಿ ಒಡೆದು, ಬಟ್ಟೆ ಸುತ್ತಿತ್ತು. ಎರಡೂ ಅಂಗೈ ಬೆಂಚಿನ ಮೇಲೆ ಊರಿ ಶಾಖ ಹೀರಿಕೊಳ್ಳುತ್ತಿದ್ದಳು. ಅವನು ಕೇಳಿದ್ದರೆ ಅವಳು ಏಳುತ್ತಿದ್ದಳು. ಕೇಳುವ ಮೊದಲೇ ಅರ್ಥವಾಯಿತು ಅವಳಿಗೆ. ಇಷ್ಟು ಜನ ನಿಂತಿರುವಾಗ ನಾವು ಕೂತಿದ್ದೇವೆ, ಏನೋ ತಪ್ಪಾಗಿದೆ ಅಂತ. ಬೆಂಚಿನ ಅಂಚು ಹಿಡಿದು ಮೇಲೇಳಲು ನೋಡಿದಳು.

"ನಿನ್ನ ಜಾಗವೇನಣ್ಣಾ?" ಅಂದಳು. "ಕೂತ್ಕೋ ಬಾ. ನಮಗೆ ನಿಂತು ಅಭ್ಯಾಸ."

ಸುವಾರ್ತಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು.

ಎಲೀಸಪ್ಪನ ಮುಖ ಕೆಂಪಾಯಿತು. ಬಾಯಲ್ಲಿ ಏನೋ ಗೊಣಗಿದ. ಆ ಗೊಣಗು ಏನು ಅಂತ ಇವತ್ತಿಗೂ ತಕರಾರಿದೆ, ಒಳ್ಳೆಯ ಮಾತಂತೂ ಅಲ್ಲ. ಮುದುಕಿಯ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ. "ಕೂತ್ಕೋ ತಾಯಿ," ಅಂದ. ಆಮೇಲೆ ಪಾಸ್ಟರ ಕಡೆ ತಿರುಗಿ ಸಿಡುಕಿದ. "ಏನು ನೋಡ್ತಾ ನಿಂತಿದ್ದೀರಿ? ಬರಕೊಳ್ಳಿ. ನಿಂತಿದ್ದೀನಿ."

ಪಾಸ್ಟರು ಬರೆದುಕೊಂಡರು. ತೆಗೆಯಬೇಕು, ನಲವತ್ತಮೂರು. ಇರಬೇಕು, ಎಪ್ಪತ್ತು. ಒಟ್ಟು ಸದಸ್ಯರು ಎಪ್ಪತ್ತು. ಆ ಪುಸ್ತಕ ಇನ್ನೂ ಇದೆಯಂತೆ. ನಾನು ನೋಡಿಲ್ಲ, ಆದರೆ ಅದರ ರಟ್ಟಿನ ಬಣ್ಣ ಬೇಕಾದರೆ ಹೇಳುತ್ತೇನೆ.

ಆಮೇಲೆ ಎಲ್ಲ ಸರಿಹೋಯಿತು ಅಂದುಕೊಂಡಿರಾ? ಎಲ್ಲಿಂದ. ಸುವಾರ್ತಮ್ಮ ಇನ್ನೂ ಹನ್ನೊಂದು ವರ್ಷ ಬಾಗಿಲಲ್ಲಿ ನಿಂತಳು, ಇನ್ನೂ ಹನ್ನೊಂದು ಮಾಗಿ ಜನ ಗೊಣಗುತ್ತ ಜರುಗಿದರು. ಎಲೀಸಪ್ಪ ಆಕೆಯ ಬಗ್ಗೆ ಒಂದು ಒಳ್ಳೆಯ ಮಾತು ಆಡಿದ್ದನ್ನು ಯಾರೂ ಕೇಳಿಲ್ಲ. ಆಕೆಗೆ ಕಾಲು ಸೋತಾಗ ಮಾತ್ರ, ಬಾಗಿಲ ಪಕ್ಕ ಕೂತು ಕೆಲಸ ಮಾಡಲಿ ಅಂತ ಒಂದು ಪುಟ್ಟ ಕಲ್ಲು ಕಡಿದು ತಂದು ಹಾಕಿದ. ಆಕೆ ಅದರ ಮೇಲೂ ಇನ್ಯಾರನ್ನೋ ಕೂರಿಸಿದಳು. ಅವನು ಸುತ್ತಿಗೆ ಎಸೆದು ಮನೆಗೆ ಹೋದನಂತೆ.

ಆಕೆ ತೀರಿಕೊಂಡ ಮೇಲೆ ಬಾಗಿಲಿಗೆ ಯಾರು ಅಂತ ಸಭೆ ಸೇರಿತು. ನಾಲ್ಕು ಹೆಸರು ಬಂತು. ಯಾವ ಹೆಸರಿಗೂ ಯಾರೂ ಏಳಲಿಲ್ಲ. ಏಳದೆ ಕೂತೇ ಎಲ್ಲರೂ ಮನೆಗೆ ಹೋದರು, ಅಂದರೆ ತೀರ್ಮಾನ ಆಗದೆ ಹೋದರು ಅಂತ ಅರ್ಥ.

ಅದಕ್ಕೇ ಕೋಡಿಬಂಡೆಯಲ್ಲಿ ಇವತ್ತಿಗೂ ಬಾಗಿಲಿಗೆ ಅಂತ ಒಬ್ಬರಿಲ್ಲ. ಹೊಸ ಮುಖವೊಂದು ಹೊಸ್ತಿಲು ದಾಟಿದರೆ, ನಡುದಾರಿಯ ಅಂಚಿಗೆ ಕೂತವರು ಏಳಬೇಕು, ಜಾಗ ಬಿಡಬೇಕು. ಪಾಸ್ಟರು ಮಾತಾಡುತ್ತಿದ್ದರೂ ಏಳಬೇಕು. ಆದರೆ ಗೊಣಗುತ್ತ ಏಳಬೇಕು. ನಗುನಗುತ್ತ ಎದ್ದರೆ, ಇವನು ಜಾಗ ಬಿಡುತ್ತಿಲ್ಲ, ಮನೆಗೆ ಹೊರಟಿದ್ದಾನೆ ಅಂತ ಪಕ್ಕದವರು ಅಂಗಿ ಹಿಡಿದು ಎಳೆದು ಕೂರಿಸುತ್ತಾರೆ. ಹೊಸದಾಗಿ ಕೆರೆಯಲ್ಲಿ ಮುಳುಗಿ ಸದಸ್ಯರಾದವರಿಗೆ ಹಿರಿಯರು ಮೊದಲು ಕಲಿಸುವುದೇ ಈ ಗೊಣಗನ್ನಂತೆ.

ಯಾವಾಗಲಾದರೂ ಆ ಕಡೆ ಹೋದರೆ ಒಳಗೆ ಹೋಗಿ. ಯಾರೋ ಮುದುಕ ನಿಮ್ಮನ್ನು ಮೇಲಿಂದ ಕೆಳಗೆ ನೋಡಿ, ನಿಟ್ಟುಸಿರು ಬಿಟ್ಟು, ಇವರಿಗೆ ಇವತ್ತೇ ಬರಬೇಕಿತ್ತೇ ಅಂತ ನಿಮಗೆ ಕೇಳಿಸುವ ಹಾಗೆ ಹೇಳುತ್ತ ಎದ್ದರೆ, ಧೈರ್ಯವಾಗಿ ಕೂತುಬಿಡಿ. ಗೊಣಗು ಕೇಳಿಸಲಿಲ್ಲ ಅಂದರೆ ಮಾತ್ರ ಹೊರಗೆ ಬಂದು ಬೋರ್ಡು ನೋಡಿ. ದಾರಿ ತಪ್ಪಿ ಬೇರೆ ಊರಿಗೆ ಹೋಗಿದ್ದೀರಿ.