ಬಾಯಿ ಮುಚ್ಚಿದ ಕವಿತೆ

"ಗುರುಗಳೇ, ಹಾಡಬೇಕಾದವಳ ಬಾಯಿ ಏಕೆ ಮುಚ್ಚಿದೆ?"

ಚೆನ್ನವೀರ ಎಂಬ ಶಿಷ್ಯ ಮಠದ ಗೋಡೆಯ ಮೇಲಿದ್ದ ಹಳೆಯ ಅಚ್ಚಿನ ಚಿತ್ರವನ್ನು ನೋಡುತ್ತಾ ಹೀಗೆ ಕೇಳಿದ. ಚಿತ್ರದಲ್ಲಿ ಇಬ್ಬರು ಹೆಂಗಸರಿದ್ದರು. ಒಬ್ಬಳ ಕೆಳಗೆ ಮಾತುಗಾರಿಕೆ ಎಂದು ಬರೆದಿತ್ತು; ಅವಳು ಕೈಯೆತ್ತಿ ಬಾಯಿ ತೆರೆದಿದ್ದಳು. ಇನ್ನೊಬ್ಬಳ ಕೆಳಗೆ ಕವಿತೆ ಎಂದಿತ್ತು. ಅವಳ ತುಟಿಗಳು ಮುಚ್ಚಿದ್ದವು. ಚೆನ್ನವೀರನಿಗೆ ಮಾತು ನೀರು ಕುಡಿದಷ್ಟು ಸುಲಭ. ಆದರೆ ಕವಿತೆ ಬರೆಯಲು ಕುಳಿತರೆ ಒಂದು ಸಾಲೂ ಮನಸ್ಸಿಗೆ ಒಪ್ಪುತ್ತಿರಲಿಲ್ಲ. ಆ ಕೊರಗು ಗುರುಗಳಿಗೆ ತಿಳಿದಿತ್ತು. ಅವರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕೆತ್ತನೆಗಾರನಿದ್ದ. ಪುಸ್ತಕಗಳಿಗೆ ಬೇಕಾದ ಚಿತ್ರಗಳನ್ನು ಮರದ ಹಲಗೆಯಲ್ಲಿ ಕೆತ್ತಿಕೊಡುವುದು ಅವನ ಕಸುಬು. ಒಬ್ಬ ಶ್ರೀಮಂತ ತಾನು ಅಚ್ಚು ಹಾಕಿಸುತ್ತಿದ್ದ ಪುಸ್ತಕದ ಮೊದಲ ಪುಟಕ್ಕೆ ಮಾತುಗಾರಿಕೆಯನ್ನೂ ಕವಿತೆಯನ್ನೂ ಇಬ್ಬರು ಹೆಂಗಸರಾಗಿ ಕೆತ್ತಿಕೊಡು ಎಂದ.

ಮಾತುಗಾರಿಕೆಗಾಗಿ ಅವನು ದೂರ ಹುಡುಕಲಿಲ್ಲ. ಮನೆಯಲ್ಲೇ ಹೆಂಡತಿಯಿದ್ದಳು. ಅವಳು ಬಾಯಿ ತೆರೆದರೆ ಹಾಲಿನವಳು ಹಾಲು ಹಾಕುವುದನ್ನೇ ಮರೆತು ನಿಲ್ಲುತ್ತಿದ್ದಳು. ಅವಳನ್ನೇ ನೋಡಿ ಕೆತ್ತಿದ. ಊರವರೆಲ್ಲ ಗುರುತು ಹಿಡಿದು ನಕ್ಕರು. ಹಲ್ಲು ದೊಡ್ಡದಾಯಿತು ಎಂದು ಅವಳು ಮಾತ್ರ ಮುನಿಸಿಕೊಂಡಳು.

ಕವಿತೆ ಕೈಗೆ ಸಿಗಲಿಲ್ಲ. ವೀಣೆ ಕೊಟ್ಟ, ಪಕ್ಕದಲ್ಲಿ ಹಂಸವನ್ನು ಕೂರಿಸಿದ, ಕೊರಳಿಗೆ ಹಾರ ಹಾಕಿದ. ಎಷ್ಟು ಹೇರಿದರೂ ಅವಳು ಮದುವೆ ಊಟಕ್ಕೆ ಹೊರಟವಳಂತೆ ಕಂಡಳು. ಶ್ರೀಮಂತ ಮತ್ತೆ ಮತ್ತೆ ಹಿಂದಕ್ಕೆ ಕಳುಹಿಸಿದ. ಈ ಸಲವೂ ಸರಿಹೋಗದಿದ್ದರೆ ಎರಡು ಚಿತ್ರಗಳನ್ನೂ ಬೇರೆಯವನಿಂದ ಮಾಡಿಸುವುದಾಗಿ ಹೇಳಿದ. ಹೆಂಡತಿಯ ಚಿತ್ರವೂ ಒಲೆಗೆ ಹೋಗುತ್ತದಲ್ಲ ಎಂದು ಕೆತ್ತನೆಗಾರ ಕವಿತೆಯ ಚಿತ್ರವನ್ನು ಮತ್ತೆ ಹೊಸದಾಗಿ ಬರೆದ.

ಹಲಗೆಯಲ್ಲಿ ಕೆತ್ತಿದ್ದು ಕಾಗದದ ಮೇಲೆ ಎಡಬಲ ಅದಲುಬದಲಾಗಿ ಮೂಡುತ್ತದೆ. ಹಾಗಾಗಿ ಬರೆದ ಚಿತ್ರವನ್ನು ಕನ್ನಡಿಯೆದುರು ಇಟ್ಟು, ಕನ್ನಡಿಯಲ್ಲಿ ಕಂಡಂತೆ ಕೆತ್ತುವುದು ಅವನ ರೂಢಿ. ಕನ್ನಡಿ ಹಿಡಿದು ಎದುರಿಗೆ ಕೂರುವವಳು ಹೆಂಡತಿಯೇ. ಅವಳ ಬಾಯಿ ಆಡಿದರೆ ಕೈಯೂ ಆಡುತ್ತಿತ್ತು, ಕನ್ನಡಿಯೂ ಅಲುಗುತ್ತಿತ್ತು. ಅದುವರೆಗೆ ಸಹಿಸಿಕೊಂಡಿದ್ದವನು ಅಂದು ಗದರಿದ. ಇದು ಮುಗಿಯುವ ತನಕ ಒಂದು ಮಾತೂ ಆಡಬೇಡ ಎಂದ.

ಅವಳು ಆಡಲಿಲ್ಲ. ಗಂಡ ಎಷ್ಟು ಸೋತುಹೋಗಿದ್ದಾನೆ ಎಂಬುದು ಅವಳಿಗೆ ಕಾಣುತ್ತಿತ್ತು. ತವರಿನಿಂದ ಬಂದ ಸುದ್ದಿ, ಬೆಳಿಗ್ಗೆ ಬಾವಿಯ ಬಳಿ ಕೇಳಿದ ಸುದ್ದಿ, ಎಲ್ಲ ನಾಲಿಗೆಯ ತುದಿಯಲ್ಲಿದ್ದವು. ಅವನ ಮೀಸೆಗೆ ಮರದ ಪುಡಿ ಅಂಟಿಕೊಂಡು ನಗು ಬೇರೆ ಬರುತ್ತಿತ್ತು. ಅವನಿಗೋಸ್ಕರ ಎಲ್ಲವನ್ನೂ ತುಟಿಯೊಳಗೆ ಹಿಡಿದು ಕೂತಳು.

ಕನ್ನಡಿ ಇಷ್ಟು ಹೊತ್ತು ಅಲುಗದೆ ಇದೆಯಲ್ಲ ಎಂದು ಅವನು ತಲೆಯೆತ್ತಿದ. ಕನ್ನಡಿಯ ಅಂಚಿನಾಚೆ ಅವಳ ಮುಖ ಕಂಡಿತು. ಇಷ್ಟು ವರ್ಷ ನೋಡಿದ ಮುಖವೇ. ಆದರೂ ಅವನಿಗೆ ಅಕ್ಕರೆ ಉಕ್ಕಿ ಬಂತು. ಬರೆದ ಚಿತ್ರವನ್ನು ಬದಿಗೆ ಸರಿಸಿ, ಹೊಸ ಹಲಗೆ ತೆಗೆದುಕೊಂಡು ಆ ಮುಖವನ್ನೇ ಕೆತ್ತಿದ.

ಮುಗಿದ ಮೇಲೆ, "ಇನ್ನು ಹೇಳು. ಏನು ಹೇಳಬೇಕೆಂದಿದ್ದೆ?" ಎಂದು ಕೇಳಿದ.

"ಹೇಳುವುದು ಬಹಳವಿದೆ. ಮೊದಲು ಆ ಮೀಸೆ ಒರೆಸಿಕೊಳ್ಳಿ" ಎಂದಳು ಅವಳು.

ಶ್ರೀಮಂತ ಅಚ್ಚಾದ ಚಿತ್ರವನ್ನು ನೋಡಿದ. ಅವಳು ಇನ್ನೇನು ಮಾತಾಡಲಿದ್ದಾಳೆ ಎಂಬಂತೆ ಕಿವಿಯನ್ನು ಕಾಗದದ ಹತ್ತಿರಕ್ಕೆ ತಂದ. ಆಮೇಲೆ ತನಗೆ ತಾನೇ ನಾಚಿಕೊಂಡು ಎರಡು ಹಲಗೆಗಳನ್ನೂ ಇರಿಸಿಕೊಂಡ.

ಕತೆ ಮುಗಿಯಿತು. ಚೆನ್ನವೀರನ ಮುಖ ಅರಳಿತು. ಕವಿತೆಯ ಗುಟ್ಟು ತನಗೆ ಸಿಕ್ಕಿತೆಂದೂ, ನಾಳೆಯಿಂದಲೇ ಮೌನ ಹಿಡಿಯುವೆನೆಂದೂ ಹೇಳಿದ.

ಗುರುಗಳು ಅವನ ಬೆನ್ನು ಸವರಿ ಕೇಳಿದರು: "ಹಿಡಿಯಪ್ಪಾ. ಯಾರಿಗೋಸ್ಕರ?"