ಏಳನೆಯ ಪಟ್ಟಿಯ ಗೆರೆ

ಧಾರವಾಡದ ಹೊರವಲಯದಲ್ಲಿ ರೋಗ ಪತ್ತೆಯ ಕಿಟ್‌ಗಳನ್ನು ತಯಾರಿಸುವ ಒಂದು ಕಂಪನಿ ಇತ್ತು. ಅದನ್ನು ಕಟ್ಟಿದವರು ಗುರುಪಾದಪ್ಪ ಎಂಬ ಹಿರಿಯರು. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಬಿಳಿಯ ಪಟ್ಟಿಯ ಮೇಲೆ ಬಿಟ್ಟರೆ ಕಾಲು ಗಂಟೆಯೊಳಗೆ ಅದರಲ್ಲಿ ಕೆಂಪು ಗೆರೆ ಮೂಡುತ್ತಿತ್ತು. ಒಂದು ಗೆರೆ ಮೂಡಿದರೆ ರೋಗವಿಲ್ಲ. ಎರಡು ಮೂಡಿದರೆ ರೋಗವಿದೆ. ಅಕ್ಷರ ಬಾರದವರಿಗೂ ಅರ್ಥವಾಗುವ ಲೆಕ್ಕ.

ಗುರುಪಾದಪ್ಪನವರು ಕಂಪನಿಗೆ ಒಂದು ಪದ್ಧತಿ ಹಾಕಿಕೊಟ್ಟಿದ್ದರು. ಯಾವ ಹೊಸ ಕಿಟ್ ಆಗಲಿ, ಹೊರಗೆ ಹೋಗುವ ಮೊದಲು ಆಡಳಿತ ಮಂಡಳಿಯ ಐವರು ನಿರ್ದೇಶಕರೂ ಮೇಜಿನ ಸುತ್ತ ಕೂರಬೇಕು. ಪ್ರತಿಯೊಬ್ಬರ ಮುಂದೆ ಹತ್ತು ಪಟ್ಟಿಗಳನ್ನು ಇಡಬೇಕು. ಯಾರೂ ಮಾತಾಡದೆ, ತಮಗೆ ಕಂಡ ಗೆರೆಗಳನ್ನು ಎಣಿಸಿ ಚೀಟಿಯಲ್ಲಿ ಬರೆಯಬೇಕು. ಒಂದೇ ಒಂದು ಚೀಟಿ ತಪ್ಪಿದರೂ ಕಿಟ್ ಹೊರಗೆ ಹೋಗಕೂಡದು. ಪಟ್ಟಿ ಓದಿದವರಿಗೆ ಮೈ ಸರಿಯಿಲ್ಲದಿದ್ದರೆ ಮಾತ್ರ ಆ ಚೀಟಿಯನ್ನು ಬದಿಗಿಡಬಹುದು. ಅದನ್ನು ಅಧ್ಯಕ್ಷರೇ ತೀರ್ಮಾನಿಸಬೇಕು.

ಹದಿನೈದು ವರ್ಷದಲ್ಲಿ ಒಂದು ಚೀಟಿಯೂ ತಪ್ಪಿರಲಿಲ್ಲ.

ಆ ವರ್ಷ ಸಂಕ್ರಾಂತಿಯ ಮುಂಚೆ ಗುರುಪಾದಪ್ಪನವರು ತೀರಿಕೊಂಡರು. ಅವರ ಜಾಗಕ್ಕೆ ನೀಲಗಂಗಾ ಮುಳಗುಂದ ಅವರನ್ನು ಅಧ್ಯಕ್ಷೆಯಾಗಿ ಆರಿಸಿದರು. ಕಾಲೇಜಿನಲ್ಲಿ ಮೂವತ್ತು ವರ್ಷ ಸೂಕ್ಷ್ಮಜೀವಿ ಶಾಸ್ತ್ರ ಕಲಿಸಿ ನಿವೃತ್ತರಾಗಿ ಮಂಡಳಿ ಸೇರಿದ್ದವರು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅಧ್ಯಕ್ಷ ಸ್ಥಾನ ತಮಗೇ ಸಿಗುತ್ತದೆ ಎಂದುಕೊಂಡಿದ್ದ ನಿರ್ದೇಶಕ ಬಿಂದುಮಾಧವ ಕೊರ್ತಿ ಅವರಿಗೆ ಇದು ಹಿಡಿಸಲಿಲ್ಲ. "ಮೇಡಂ ಪಾಠ ಛಲೋ ಹೇಳ್ತಾರ. ಕಂಪನಿ ನಡಸೂದು ಪಾಠ ಅಲ್ಲ," ಎಂದು ಕಂಡಕಂಡವರ ಮುಂದೆ ಹೇಳಿಕೊಂಡು ಬಂದರು. ಆದರೆ ಕೆಟ್ಟ ಮನುಷ್ಯರಲ್ಲ. ಕಿಟ್‌ನ ವಿಷಯದಲ್ಲಿ ಅವರಷ್ಟು ತಿಳಿದವರೂ ಮಂಡಳಿಯಲ್ಲಿ ಇರಲಿಲ್ಲ.

ನೀಲಗಂಗಾ ಅವರಿಗೆ ಒಂದು ಗುಟ್ಟಿನ ಚಿಂತೆ ಇತ್ತು. ಮೂರು ತಿಂಗಳಿಂದ ಅವರ ಕಣ್ಣು ಮಂಜಾಗುತ್ತಿತ್ತು. ಬಸ್ಸಿನ ಬೋರ್ಡು ಹತ್ತಿರ ಬಂದ ಮೇಲೆಯೇ ಗೊತ್ತಾಗುತ್ತಿತ್ತು. ಪತ್ರಿಕೆಯನ್ನು ಕಿಟಕಿಗೆ ಹಿಡಿದು ಓದುತ್ತಿದ್ದರು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಬಿಂದುಮಾಧವರ ಮಾತು ನಿಜವಾಗುತ್ತದೆ ಎಂಬ ಅಂಜಿಕೆ.

ಜೂನ್ ತಿಂಗಳು ಬಂತು. ಡೆಂಗಿ ಜ್ವರದ ಹೊಸ ಕಿಟ್ ಸಿದ್ಧವಾಗಿತ್ತು. ಮಳೆ ಶುರುವಾದರೆ ಜ್ವರವೂ ಶುರು. ಜಿಲ್ಲೆಯ ಆರೋಗ್ಯ ಕೇಂದ್ರಗಳು ದಿನವೂ ಕೇಳುತ್ತಿದ್ದವು. ಒಂದು ಲಕ್ಷ ಕಿಟ್‌ಗಳು ಪೆಟ್ಟಿಗೆ ಸೇರಿ ಗೋದಾಮಿನಲ್ಲಿ ಕಾದಿದ್ದವು. ಉಳಿದದ್ದು ಮಂಡಳಿಯವರ ಓದು ಒಂದೇ.

ಪ್ರಯೋಗಾಲಯದ ಮುಖ್ಯಸ್ಥೆ ಮೆಹಜಬೀನ್ ನದಾಫ್ ಐವರ ಮುಂದೆಯೂ ಹತ್ತು ಹತ್ತು ಪಟ್ಟಿಗಳನ್ನು ಒಂದೇ ಕ್ರಮದಲ್ಲಿ ಸಾಲಾಗಿ ಇಟ್ಟಳು. ಟ್ಯೂಬ್‌ಲೈಟುಗಳೆಲ್ಲ ಉರಿಯುತ್ತಿದ್ದವು. ನೀಲಗಂಗಾ ಕನ್ನಡಕ ಒರೆಸಿಕೊಂಡು ನೋಡಿದರು. ಒಂದನೆಯದರಲ್ಲಿ ಎರಡು ಗೆರೆ. ಎರಡನೆಯದರಲ್ಲಿ ಒಂದು. ಮೂರನೆಯದರಲ್ಲಿ ಎರಡು. ಹೀಗೆ ಹತ್ತೂ ಮುಗಿದಾಗ ಎರಡು ಗೆರೆಯ ಪಟ್ಟಿಗಳು ನಾಲ್ಕೇ ಸಿಕ್ಕವು.

ಲೆಕ್ಕ ತಾಳೆಯಾಗಲಿಲ್ಲ. ಯಾಕೆಂದರೆ ಕಂಪನಿಯಲ್ಲಿ ಒಂದು ರೂಢಿ ಬೆಳೆದುಬಿಟ್ಟಿತ್ತು. ಹತ್ತರಲ್ಲಿ ಐದು ರೋಗಿಗಳ ರಕ್ತ, ಐದು ಆರೋಗ್ಯವಂತರ ರಕ್ತ. ಪ್ರತಿ ಸಲವೂ ಹಾಗೆಯೇ. ಯಾರೂ ಬರೆದಿಟ್ಟ ನಿಯಮವಲ್ಲ. ಆದರೆ ಎಲ್ಲರಿಗೂ ಗೊತ್ತು. ಹಾಗಿದ್ದರೆ ಐದನೆಯದು ಎಲ್ಲಿ?

ಅವರು ಮತ್ತೊಮ್ಮೆ ಒಂದೊಂದನ್ನೇ ನೋಡಿದರು. ಏಳನೆಯ ಪಟ್ಟಿಯಲ್ಲಿ ಎರಡನೆಯ ಗೆರೆಯ ಜಾಗ ಖಾಲಿ. ಆದರೆ ಬೇರೆ ಖಾಲಿ ಪಟ್ಟಿಗಳಷ್ಟು ಬೆಳ್ಳಗಿಲ್ಲವೇನೋ ಎನ್ನಿಸಿತು. ಗೆರೆ ಇದ್ದರೆ ಅದು ಇಲ್ಲಿಯೇ ಇರಬೇಕು. "ಎರಡು" ಎಂದು ಬರೆದರೆ ಮುಗಿಯಿತು. ಚೀಟಿ ಸರಿಯಾಗುತ್ತದೆ. ಕಿಟ್ ಹೋಗುತ್ತದೆ. ಕಣ್ಣಿನ ಸುದ್ದಿ ಯಾರಿಗೂ ತಿಳಿಯುವುದಿಲ್ಲ.

ಪೆನ್ನು ಕಾಗದದ ಮೇಲೆ ಹಾಗೆಯೇ ನಿಂತಿತು. ಅತ್ತ ಬಿಂದುಮಾಧವರು ಆಗಲೇ ಬರೆದು ಮುಗಿಸಿ ಬೆರಳಿನಿಂದ ಮೇಜು ಬಡಿಯುತ್ತಿದ್ದರು.

'ಇದು ಲೆಕ್ಕದಿಂದ ತಿಳಿದದ್ದು, ಕಣ್ಣಿಗೆ ಕಂಡದ್ದಲ್ಲ' ಎಂದು ನೀಲಗಂಗಾ ತಮ್ಮಷ್ಟಕ್ಕೆ ಅಂದುಕೊಂಡರು. ಏಳನೆಯದರ ಮುಂದೆ "ಒಂದು" ಎಂದು ಬರೆದು ಚೀಟಿ ಮಡಿಸಿಕೊಟ್ಟರು.

ಮೆಹಜಬೀನ್ ಚೀಟಿಗಳನ್ನು ಬಿಚ್ಚಿದಳು. ನಾಲ್ಕು ಸರಿ ಇದ್ದವು. ಐದನೆಯದನ್ನು ನೋಡಿ ಅವಳ ಮುಖ ಸಣ್ಣದಾಯಿತು.

"ಏಳನೇದು... ಮೇಡಂ ಅವರು ಒಂದು ಅಂತ ಬರದಾರ್ರಿ. ಅದು ಎರಡು. ಜ್ವರ ಬಂದ ಮೊದಲನೇ ದಿನ ತಗದ ರಕ್ತ. ಗೆರಿ ತೆಳ್ಳಗ ಬರ್ತೈತ್ರಿ."

ಬಿಂದುಮಾಧವರು ನೀಲಗಂಗಾ ಅವರ ಮುಂದಿದ್ದ ಏಳನೆಯ ಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದರು. "ಇಷ್ಟು ಸ್ಪಷ್ಟ ಅದ. ನಾಲ್ಕು ಮಂದಿಗೆ ಕಂಡದ. ಮೇಡಂ, ದೋಷ ಕಿಟ್‌ನಾಗ ಇಲ್ಲ."

"ಖರೇ," ಎಂದರು ನೀಲಗಂಗಾ. "ನನ್ನ ಕಣ್ಣಾಗ ಐತಿ. ಪೊರಿ ಬಂದಿರಬೇಕು. ಮೂರು ತಿಂಗಳಿಂದ ಮುಚ್ಚಿಟ್ಟಿದ್ದೆ. ತಪ್ಪಾತು."

ಬಿಂದುಮಾಧವರ ಧ್ವನಿ ಸ್ವಲ್ಪ ಮೆತ್ತಗಾಯಿತು. "ಹಂಗಿದ್ರ ಚಿಂತಿ ಇಲ್ಲ ಬಿಡ್ರಿ. ಮೈ ಸರಿ ಇಲ್ಲದವರ ಚೀಟಿ ಬದಿಗಿಡಬಹುದು ಅಂತ ಗುರುಪಾದಪ್ಪನವರೇ ಹೇಳ್ಯಾರ. ನೀವು ಹೂಂ ಅಂದ್ರ ಲಾರಿ ಇವತ್ತ ಬಿಡ್ತದ."

ನೀಲಗಂಗಾ ಮೆಹಜಬೀನಳ ಕಡೆ ತಿರುಗಿದರು. "ಹಳ್ಳಿಯಾಗ ಈ ಪಟ್ಟಿ ಓದವರು ಯಾರವಾ?"

"ಆಶಾ ಕಾರ್ಯಕರ್ತೆಯರ್ರಿ ಮೇಡಂ. ಮನಿ ಮನಿಗೆ ಹೋಗಿ ನೋಡ್ತಾರ."

"ಅವರ ಕಣ್ಣು ಹೆಂಗದಾವು?"

ಆ ಪ್ರಶ್ನೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಪ್ರಯೋಗಾಲಯದಲ್ಲಿ ಪಟ್ಟಿ ಓದುವವರೆಲ್ಲ ಇಪ್ಪತ್ತೈದು, ಮೂವತ್ತರ ಹುಡುಗರು. ದಿನಕ್ಕೆ ಇನ್ನೂರು ಪಟ್ಟಿ ನೋಡಿ ಪಳಗಿದವರು.

"ನನ್ನ ಚೀಟಿ ಬದಿಗಿಡೂದಿಲ್ಲ," ಎಂದರು ನೀಲಗಂಗಾ. "ಎಂಟು ದಿನ ಕೊಡ್ರಿ. ಅವರ ಕೈಲೇ ಓದಸೋಣ. ಅವರಿಗೆಲ್ಲ ಕಂಡಿತು ಅಂದ್ರ ಕಿಟ್ ಅವತ್ತ ಹೋಗಲಿ. ಈ ಕುರ್ಚಿನೂ ನಾ ಅವತ್ತ ಬಿಡ್ತೀನಿ. ಕೊರ್ತಿಯವರ, ನೀವು ಕೂಡ್ರಿ."

"ಎಂಟು ದಿನದಾಗ ಮಳಿ ಹಿಡದ್ರ?"

"ಬಂದ ಬೈಗಳೆಲ್ಲಾ ನಾ ತಿಂತೀನಿ."

ಅಂದು ಮನೆಗೆ ಹೋದ ನೀಲಗಂಗಾ ಅವರಿಗೆ ಊಟ ಸೇರಲಿಲ್ಲ. ಕಿಟ್‌ಗಳು ತಡವಾಗಿ ಅಷ್ಟರಲ್ಲಿ ಯಾವುದಾದರೂ ಮಗುವಿಗೆ ಜ್ವರ ಬಂದರೆ ಅದರ ಹೊಣೆಯೂ ತಮ್ಮದೇ. ಕಂಡದ್ದನ್ನು ಕಂಡಂತೆ ಬರೆದದ್ದು ಸರಿಯೋ, ಮುದಿ ಕಣ್ಣಿನ ಹಟವೋ, ಅವರಿಗೇ ತಿಳಿಯಲಿಲ್ಲ.

ಆರನೆಯ ದಿನ ಅಳ್ನಾವರದ ಕಡೆಯ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಇಪ್ಪತ್ತು ಮಂದಿ ಆಶಾ ಕಾರ್ಯಕರ್ತೆಯರು ಸೇರಿದರು. ನಿರ್ದೇಶಕರೂ ಬಂದರು. ಮೋಡ ಕವಿದಿತ್ತು, ಕರೆಂಟು ಇರಲಿಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿ ಪಟ್ಟಿಗಳನ್ನು ಇಟ್ಟರು. ಈ ಸಲ ಐದಕ್ಕೆ ಐದು ಎಂಬ ಲೆಕ್ಕ ಬೇಡ, ಎಷ್ಟು ಬೇಕೋ ಅಷ್ಟು ಇಡು ಎಂದು ನೀಲಗಂಗಾ ಮೊದಲೇ ಮೆಹಜಬೀನಳಿಗೆ ಹೇಳಿದ್ದರು.

ಹೆಂಗಸರು ಪಟ್ಟಿಗಳನ್ನು ತಿರುವಿ ಮುರುವಿ ನೋಡಿದರು. ದ್ಯಾಮವ್ವ ಎಂಬ ನಲವತ್ತೆಂಟರ ಹೆಂಗಸು ಒಂದು ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ಕೆಳಗಿಟ್ಟಳು.

"ಒಂದ ಗೆರಿ."

"ಸರಿಯಾಗಿ ನೋಡ್ರಿ," ಎಂದರು ಬಿಂದುಮಾಧವರು. ಓದುವವರಿಗೆ ಸೂಚನೆ ಕೊಡಬಾರದೆಂಬುದನ್ನು ಅವರೇ ಮರೆತಿದ್ದರು.

"ನೋಡೇ ಹೇಳೀನ್ರಿ ಸಾಹೇಬ್ರ. ಗೆರಿ ಅಂದ್ರ ತಾನ ಕಾಣಬೇಕು. ಅಡವ್ಯಾಗ ದೇವರನ್ನ ಹುಡುಕಿದಂಗ ಹುಡುಕಬೇಕಂದ್ರ ನಾನೇನು ತಪಸ್ಸಿಗಿ ಕುಂತೀನೇನು? ನನಗ ಇನ್ನೂ ನಲವತ್ತು ಮನಿ ಅದಾವು."

ಹೆಂಗಸರೆಲ್ಲ ನಕ್ಕರು. ಬಿಂದುಮಾಧವರು ಆ ಪಟ್ಟಿಯನ್ನು ತಾವೇ ಎತ್ತಿಕೊಂಡರು. ಪಡಸಾಲೆಯ ಅಂಚಿಗೆ ಹೋಗಿ ಹಿಡಿದು ನೋಡಿದರು. ಒಳಗೆ ಬಂದು ನೋಡಿದರು.

"ಏನು ಕಾಣ್ತದ ಸರ್?" ಎಂದು ಮೆಹಜಬೀನ್ ಮೆಲ್ಲಗೆ ಕೇಳಿದಳು.

"ಒಂದ," ಎಂದರು ಅವರು. ಆಮೇಲೆ ಕೇಳಿದರು, "ಖರೇ ಎಷ್ಟು?"

"ಎರಡ್ರಿ."

ಇಪ್ಪತ್ತು ಮಂದಿಯಲ್ಲಿ ಹನ್ನೊಂದು ಮಂದಿ ತೆಳ್ಳಗಿನ ಗೆರೆಯನ್ನು ಕಂಡಿರಲಿಲ್ಲ. ಕಿಟ್ ಹೊರಗೆ ಹೋಗಿದ್ದರೆ ಆ ಹನ್ನೊಂದು ಮಂದಿ ಜ್ವರದ ಮಗುವನ್ನು ನೋಡಿ, "ಏನಿಲ್ಲ, ಮನ್ಯಾಗ ಇಟ್ಕೋರಿ" ಎಂದು ಹೇಳಿ ಮುಂದಿನ ಮನೆಗೆ ಹೋಗುತ್ತಿದ್ದರು.

ನೀಲಗಂಗಾ ಪಡಸಾಲೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಒಂದು ಲಕ್ಷ ಕಿಟ್. ಒಂದೂ ಹೋಗಿಲ್ಲ. ಎಲ್ಲವೂ ಗೋದಾಮಿನಲ್ಲೇ ಇವೆ. ಇಷ್ಟನ್ನೇ ಮತ್ತೆ ಮತ್ತೆ ನೆನೆದರು.

ವಾಪಸು ಬರುವಾಗ ಜೀಪಿನಲ್ಲಿ ಹಿರಿಯ ನಿರ್ದೇಶಕರಾದ ಚನ್ನವೀರಪ್ಪನವರು ಮಾತು ತೆಗೆದರು. "ಮೇಡಂ, ಒಂದು ಮಾತು. ಅವತ್ತ ಏಳನೇದು ನನಗೂ ಕಂಡಿರಲಿಲ್ಲ. ಐದು ಆಗಬೇಕಲ್ಲ ಅಂತ ಲೆಕ್ಕಾ ಹಾಕಿ ಬರದೆ."

"ಅವತ್ತ ಯಾಕ ಹೇಳಲಿಲ್ರಿ?"

"ನೀವೊಬ್ಬರು ಬೈಸ್ಕೋಳಾಕತ್ತಿದ್ರಿ. ಇಬ್ಬರು ಯಾಕ ಅಂತ ಸುಮ್ಮಾದೆ."

ನೀಲಗಂಗಾ ನಕ್ಕರು. ಗುರುಪಾದಪ್ಪನವರು ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಆದರೂ ಆ ನಗುವಿನ ಹಿಂದೆಯೇ ಅವರಿಗೆ ಒಂದು ಮಾತು ಹೊಳೆಯಿತು. ಹದಿನೈದು ವರ್ಷ ಒಂದು ಚೀಟಿಯೂ ತಪ್ಪಿರಲಿಲ್ಲ ಎಂಬುದು ಹೆಮ್ಮೆಪಡುವ ಸಂಗತಿ ಆಗಿರಲಿಲ್ಲ.

ಮರುದಿನ ಸಭೆ ಸೇರಿತು. ನೀಲಗಂಗಾ ಎದ್ದು ನಿಂತು, ಕಣ್ಣಿನ ವಿಷಯ ಮುಚ್ಚಿಟ್ಟದ್ದು ಅಧ್ಯಕ್ಷರಿಗೆ ತಕ್ಕ ನಡತೆಯಲ್ಲ, ಆದ್ದರಿಂದ ಕುರ್ಚಿ ಬಿಡಲು ಸಿದ್ಧ ಎಂದರು.

ಬಿಂದುಮಾಧವರು ತಲೆ ಎತ್ತಲಿಲ್ಲ. "ಎಲ್ಲಾರಿಗೂ ಕಂಡ್ರ ಬಿಡ್ತೀನಿ ಅಂದಿದ್ರಿ. ಕಂಡಿಲ್ಲ. ಮಾತಿಗೆ ತಪ್ಪಬ್ಯಾಡ್ರಿ, ಕೂಡ್ರಿ," ಎಂದರು. ಆಮೇಲೆ ಮೆಹಜಬೀನಳಿಗೆ, "ಗೆರಿ ಬಣ್ಣ ಎಷ್ಟು ದಪ್ಪ ಮಾಡಬಹುದು ಹೇಳು. ನಾ ಬರ್ತೀನಿ ನಿನ್ನ ಜೊತಿ ಕೂಡ್ಲಿಕ್ಕೆ," ಎಂದರು.

ಗೆರೆ ದಪ್ಪ ಮಾಡಿ ಗೋದಾಮಿನ ಪಟ್ಟಿಗಳನ್ನೆಲ್ಲ ಬದಲಿಸುವ ಕೆಲಸ ಹತ್ತೊಂಬತ್ತು ದಿನ ನಡೆಯಿತು. ಅಷ್ಟು ದಿನ ಆರೋಗ್ಯ ಕೇಂದ್ರಗಳು ಹಳೆಯ ಕ್ರಮದಲ್ಲೇ ರಕ್ತವನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಿ ನಿಭಾಯಿಸಿದವು. ಪುಣ್ಯಕ್ಕೆ ಆ ವರ್ಷ ಮಳೆಯೂ ತಡವಾಯಿತು.

ಈ ನಡುವೆ ಕಣ್ಣಿನ ವೈದ್ಯರು ನೀಲಗಂಗಾ ಅವರನ್ನು ಪರೀಕ್ಷಿಸಿ ಆಪರೇಶನ್ನಿಗೆ ದಿನ ಕೊಟ್ಟರು. ಅವರು ಆ ದಿನವನ್ನು ಮುಂದಕ್ಕೆ ಹಾಕಿಸಿದರು.

"ಯಾಕ್ರಿ ಮೇಡಂ? ಅಂಜಿಕಿ ಏನು?" ಎಂದು ಬಿಂದುಮಾಧವರು ಕೇಳಿದರು.

"ಕಂಪನಿಯಾಗ ಇಷ್ಟು ಕೆಟ್ಟ ಕಣ್ಣು ಇನ್ನೊಂದಿಲ್ರಿ ಕೊರ್ತಿಯವರ. ಹೊಸಾ ಕಿಟ್ ಇವಕ್ಕ ಕಂಡ ಮ್ಯಾಲ ತಗಸ್ತೀನಿ."

ಇಪ್ಪತ್ತನೆಯ ದಿನ ಐವರೂ ಮೇಜಿನ ಸುತ್ತ ಕೂತರು. ಟ್ಯೂಬ್‌ಲೈಟು ಆರಿಸಿ, ಕಿಟಕಿಯ ಪರದೆಯನ್ನು ಅರ್ಧ ಎಳೆದಿದ್ದರು. ಹತ್ತರಲ್ಲಿ ಎಷ್ಟು ರೋಗಿಗಳ ರಕ್ತ ಎಂದು ಯಾರಿಗೂ ಗೊತ್ತಿರಲಿಲ್ಲ. ನೀಲಗಂಗಾ ಒಂದೊಂದೇ ಪಟ್ಟಿಯನ್ನು ನೋಡುತ್ತ ಹೋದರು. ಮಂಜಿನ ನಡುವೆಯೂ ಗೆರೆಗಳು ಕುಂಕುಮದ ಹಾಗೆ ಎದ್ದು ಕಾಣುತ್ತಿದ್ದವು. ಮೂರು ಪಟ್ಟಿಗಳಲ್ಲಿ ಎರಡು ಗೆರೆ, ಉಳಿದ ಏಳರಲ್ಲಿ ಒಂದು. ಅಷ್ಟನ್ನೇ ಬರೆದು ಕೊಟ್ಟರು.

ಮೆಹಜಬೀನ್ ಚೀಟಿಗಳನ್ನು ಬಿಚ್ಚಿ ಓದಿದಳು. ಐದೂ ಸರಿ ಇದ್ದವು. ಅಳ್ನಾವರದ ಕಡೆಯ ಆ ಇಪ್ಪತ್ತು ಹೆಂಗಸರು ಹಿಂದಿನ ದಿನವೇ ಓದಿ ಬರೆದ ಚೀಟಿಗಳೂ ಬಂದಿದ್ದವು. ಅವೂ ಸರಿ ಇದ್ದವು.

ಅನುಮತಿ ಪತ್ರಕ್ಕೆ ಸಹಿ ಹಾಕಲು ನೀಲಗಂಗಾ ಪೆನ್ನು ಎತ್ತಿಕೊಂಡರು. ಸಹಿಯ ಗೆರೆ ಎಲ್ಲಿದೆ ಎಂದು ಅವರಿಗೆ ಕಾಣಲಿಲ್ಲ. "ಕೊರ್ತಿಯವರ, ಎಲ್ಲಿ ಹಾಕಬೇಕು ಸ್ವಲ್ಪ ತೋರಸ್ರಿ," ಎಂದರು. ಬಿಂದುಮಾಧವರು ಬೆರಳಿಟ್ಟು ತೋರಿಸಿದ ಕಡೆ ನೀಲಗಂಗಾ ಸಹಿ ಹಾಕಿದರು.

ಕೆಳಗೆ ಲಾರಿ ಹೊರಡುವ ಸದ್ದು ಕೇಳಿದ ಮೇಲೆ, ಅವರು ಕಣ್ಣಿನ ವೈದ್ಯರಿಗೆ ಫೋನು ಮಾಡಿ, "ನಾಳೆ ಬರ್ತೀನ್ರಿ," ಎಂದರು.

ನೀತಿ: ಮುಂದೆ ನಿಂತವರು ತಮ್ಮ ಕೊರತೆಯನ್ನು ಮುಚ್ಚಿಟ್ಟರೆ, ಅದರ ಭಾರ ಅವರನ್ನು ನಂಬಿದವರ ಮೇಲೆ ಬೀಳುತ್ತದೆ. ಕಾಣದ್ದನ್ನು ಕಾಣಲಿಲ್ಲ ಎಂದು ಹೇಳುವ ಹಿರಿಯರ ಕುಂದಿದ ಕಣ್ಣು ಕೂಡ ಊರನ್ನು ಕಾಯಬಲ್ಲದು.